ಚೀಟಿ ಅಂಟಿಸಿದ ತಪ್ಪು

ಸಮರ್ಥ್ ತಿರುವನಂತಪುರದಿಂದ ಕೊಚ್ಚಿಯ ಶಾಖೆಗೆ ಬಂದಾಗ ಯಾರೂ ಅವನಿಗೆ ಚಹಾ ಕೊಡಲಿಲ್ಲ. ತಪ್ಪು ಹುಡುಕಲು ಬಂದವನಿಗೆ ಎಂಥ ಉಪಚಾರ?

ವೈಟ್ಟಿಲ ಬಡಾವಣೆಯ ಆ ಕಚೇರಿ, ವಿಳಿಂಜಂ ಬಂದರಿಗೆ ಹೋಗುವ ಸರಕಿನ ಕಾಗದಪತ್ರ ನೋಡಿಕೊಳ್ಳುವಂಥದ್ದು. ಲೆಕ್ಕದವರಿಗೆ ವಿಂಡೋಸ್, ಸರಕಿನವರಿಗೆ ಲಿನಕ್ಸ್. ಒಂದೇ ತಂತಿಯೊಳಗೆ ಎರಡಕ್ಕೂ ಬೇರೆ ಬೇರೆ ದಾರಿ. ವಿಎಲ್ಯಾನ್ ಎಂದರೆ ಅಷ್ಟೇ. ಬೆಳಗಿನಿಂದ ವಿಂಡೋಸಿನವರು ಹಾಯಾಗಿದ್ದರು. ಲಿನಕ್ಸ್ ಯಂತ್ರಗಳು ಮಾತ್ರ ತಿರುವನಂತಪುರದ ಮುಖ್ಯ ಕಚೇರಿಗೆ ಕಾಣುತ್ತಿರಲಿಲ್ಲ.

ಅವುಗಳ ಉಸ್ತುವಾರಿ ಜೀವಿತಾಳದು. ತಪ್ಪು ಅವಳದೆಂದಾದರೆ ಶಿಕ್ಷೆಯೇನೆಂದು ಎಲ್ಲರಿಗೂ ಗೊತ್ತಿತ್ತು: ಕೊಚ್ಚಿಯಿಂದ ಎತ್ತಂಗಡಿ, ತಿರುವನಂತಪುರದಲ್ಲಿ ದಾಮೋದರರ ಕಣ್ಣೆದುರಿನ ಕುರ್ಚಿ. ಕಾಸರಗೋಡಿನ ಈ ಹಿರಿಯ ಸಾಹೇಬರು ವರ್ಗಾವಣೆಯನ್ನು ಬೆತ್ತದಂತೆ ಇಟ್ಟುಕೊಂಡವರು. ಬೇಡಿದವರಿಗೆ ಎಂದೂ ಕೊಟ್ಟವರಲ್ಲ, ತಪ್ಪಿದವರನ್ನು ಎಂದೂ ಬಿಟ್ಟವರಲ್ಲ. ಆಡಳಿತವೆಂದರೆ ಇದೇ ಎಂದು ಭಾಷಣವನ್ನೂ ಮಾಡುತ್ತಿದ್ದರು. ಹಿಂದೆ ಆ ಕುರ್ಚಿಯಲ್ಲಿ ಕೂತವರು ಕೆಲಸ ಬಿಟ್ಟೇ ಓಡಿದ್ದರು.

"ಫೈರ್‌ವಾಲ್ ಇರಬೇಕ್ರೀ," ಎಂದ ಜೀವಿತಾಳ ಸಹಾಯಕ, ಹುಬ್ಬಳ್ಳಿಯ ಇರ್ಫಾನ್.

"ನೋಡಾಯ್ತು," ಎಂದ ಸಮರ್ಥ್.

"ಹಂಗಾರ ಕೇಬಲ್ಲು."

"ಅದೂ ಆಯ್ತು. ಇನ್ನೇನಾದ್ರೂ ಇದ್ಯಾ, ಇಲ್ಲಾ ಗ್ರಹಚಾರದ ಮೇಲೆ ಹಾಕ್ತೀರಾ?"

ಕೊನೆಗೆ ಸಿಕ್ಕಿತು. ಯಾವ ದಾರಿಯ ಮಾಹಿತಿ ಎಂದು ಗುರುತಿನ ಚೀಟಿ ಅಂಟಿಸುವುದು ಯಂತ್ರಗಳ ತಂತಿಗಳೆಲ್ಲ ಬಂದು ಸೇರುವ ಸ್ವಿಚ್ಚಿನ ಕೆಲಸ. ಇಲ್ಲಿ ಲಿನಕ್ಸ್ ಯಂತ್ರಗಳು ತಾವೇ ಚೀಟಿ ಅಂಟಿಸಿ ಕಳಿಸುತ್ತಿದ್ದವು. ಸ್ವಿಚ್ಚು ಅವನ್ನೆಲ್ಲ ಬಾಗಿಲಲ್ಲೇ ಎಸೆಯುತ್ತಿತ್ತು. ಅಆಇಈ ಕಲಿಯುವವರು ಮಾಡುವ ತಪ್ಪು.

ಇರ್ಫಾನ್ ಜೀವಿತಾಳನ್ನು ಪಕ್ಕಕ್ಕೆ ಕರೆದ. "ಮೇಡಂ, ಹಿಂಗ ಮಾಡಬಾರದು ಅಂತ ನನಗ ಕಲಿಸಿದವ್ರು ನೀವೇ ಅಲ್ರೀ? ಇರಲಿ, ನಾನೇ ಮಾಡೇನಿ ಅಂತ ಹೇಳ್ತೀನಿ. ನೀವು ಸುಮ್ನಿರ್ರಿ."

"ನೀನು ಸುಮ್ನಿರು," ಎಂದಳು ಜೀವಿತಾ. "ಒಳ್ಳೇತನ ಮಾಡಕ್ಕೆ ಹೋಗಿ ನನ್ನ ಹಾಳು ಮಾಡ್ಬೇಡ."

ಪಾಪ, ಅಭಿಮಾನದ ಹುಡುಗಿ ಎಂದುಕೊಂಡ ಅವನು.

ಪರದೆಯ ಮೇಲೆ ದಾಮೋದರ ಮೂಡಿದರು. "ಎಂತ ಸಮರ್ಥ, ಸಿಕ್ಕಿತಾ?"

"ತಪ್ಪು ಇವ್ರದ್ದೇ ಸಾರ್. ಇಲ್ಲೇ ಬಿಟ್ರೆ ನಾಳೆ ವಿಂಡೋಸ್‌ನೂ ಮಲಗಿಸ್ತಾರೆ."

"ನೀನೆಂತ ಹೇಳ್ತಿ ಮಾರಾಯ್ತಿ?"

"ಸಂಬಳ ಬೇಕಾದ್ರೆ ಹಿಡೀರಿ ಸಾರ್. ತಿರುವನಂತಪುರ ಒಂದು ಬೇಡ." ಜೀವಿತಾ ಕೈ ಮುಗಿದಳು.

ದಾಮೋದರರ ಮುಖ ಅರಳಿತು. "ನಿನಗೆ ಅದೇ ಮದ್ದು. ಸೋಮವಾರದಿಂದ ಇಲ್ಲಿ, ಇವನ ಕೈಕೆಳಗೆ. ಇವ ಹೇಳಿದ ಹಾಗೆ ಕೇಳಿಕೊಂಡು ಬಿದ್ದಿರಬೇಕು."

ಹೊರಡುವಾಗ ಸಮರ್ಥ್ ಜೊತೆ ಯಾರೂ ಲಿಫ್ಟ್ ಹತ್ತಲಿಲ್ಲ. ಇರ್ಫಾನ್ ಅವನತ್ತ ನೋಡಲೂ ಇಲ್ಲ. ಜೀವಿತಾ ಕಣ್ಣೊರೆಸಿಕೊಂಡು ಒಬ್ಬೊಬ್ಬರಿಗೂ ಹೇಳಿ, ಸಂತಾಪಗಳನ್ನೆಲ್ಲ ಸ್ವೀಕರಿಸಿ, ನಿಧಾನಕ್ಕೆ ಬಸ್ ನಿಲ್ದಾಣಕ್ಕೆ ನಡೆದಳು. ಸಮರ್ಥ್ ಅಲ್ಲೇ ನಿಂತಿದ್ದ.

"ಅಷ್ಟೊಂದು ಬೈಬೇಕಿತ್ತೇನ್ರೀ?" ಎಂದಳು.

"ತಿರುವನಂತಪುರದಲ್ಲಿ ಚಾಲೈ ಪೇಟೆ ಹತ್ರ ಮನೆ ನೋಡಿದ್ದೀನಿ ಕಣೇ," ಎಂದು ಅವಳ ಚೀಲ ತೆಗೆದುಕೊಂಡ. "ಗುಟ್ಟಾಗಿ ಮದುವೆಯಾಗಿ ವರ್ಷವಾಯ್ತು, ಈಗಲಾದ್ರೂ ನಮ್ಮಿಬ್ಬರಿಗೆ ಒಂದೇ ಅಡುಗೆಮನೆ ಆಗ್ಲಿ."