ಕಂಬದ ಬಳಿಯ ಚೊಂಬು

ಅರಿಶಿನ ಬೆರೆಸಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಇಂದಿಗೂ ನನ್ನ ಕಿವಿಯ ಹಾಲೆ ಜುಮ್ಮೆನ್ನುತ್ತದೆ.

ಆ ಮಧ್ಯಾಹ್ನ ಬಿಂಡಿಗನವಿಲೆಯ ನಮ್ಮ ಜಗಲಿಯಲ್ಲಿ, ನನ್ನ ಕಿವಿ ಚುಚ್ಚಲು ಬಂದ ಆಚಾರಿ ಚಿನ್ನದ ತಂತಿಯ ಮೊನೆ ತಿಕ್ಕುತ್ತ ಕೂತಿದ್ದ. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೇ ಕೂರಬೇಕು. ಎತ್ತಿನ ವ್ಯಾಪಾರದಲ್ಲಿ ಅಪ್ಪನೊಂದಿಗೆ ಜಗಳವಾದ ಮೇಲೆ ಮಾವ ನಮ್ಮ ಮನೆಗೆ ಬಂದಿರಲಿಲ್ಲ.

“ಒತ್ತು ಮೀರ್ತಾ ಐತೆ,” ಎಂದ ಆಚಾರಿ.

“ವಸಿ ತಡೀರಿ, ನಮ್ಮಣ್ಣ ಬತ್ತಾನೆ,” ಎಂದಳು ಅಮ್ಮ.

ಸಂತೆಬಾಚಹಳ್ಳಿಯಿಂದ ಮಾವ ಬಂದೇಬಿಟ್ಟ. ಕಾಲು ತೊಳೆಯಲು ನೀರಿನ ಚೊಂಬು ಹಿಡಿದ ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಕಣ್ಣೆತ್ತಲಿಲ್ಲ. ಅಮ್ಮ ಚೊಂಬನ್ನು ಕಂಬದ ಬಳಿಯೇ ಇಟ್ಟುಬಿಟ್ಟಳು.

ಮಾವ ಧೂಳುಗಾಲಲ್ಲೇ ಕೂತು ನನ್ನನ್ನು ತೊಡೆಗೆ ಎಳೆದುಕೊಂಡ. ದಬ್ಬಣದಿಂದ ಹೋರಿಗಳ ಮೂಗು ಚುಚ್ಚುತ್ತಿದ್ದ ಒರಟು ಕೈ ನನ್ನ ಕೆನ್ನೆಯನ್ನು ಒತ್ತಿ ಹಿಡಿಯಿತು.

“ಅಲ್ಲಾಡ್ಬ್ಯಾಡ ಕಣವ್ವ.”

“ಮಗ ಸುಮ್ಕೈತೆ, ನೀವ್ ಅಲ್ಲಾಡ್ಬ್ಯಾಡಿ ಗೌಡ್ರೇ,” ಎಂದ ಆಚಾರಿ.

ತಂತಿ ಹಾಯ್ದಾಗ ನಾನು ಚೀರಿದೆ. ಮಾವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಎರಡನೆಯ ಕಿವಿಯೂ ಮುಗಿದರೂ ತೆರೆಯಲೇ ಇಲ್ಲ.

ಅಪ್ಪ ಥಟ್ಟನೆ ಎದ್ದ. ಅವನು ಕಂಬದ ಬಳಿ ಬಾಗಿ ಚೊಂಬನ್ನೆತ್ತಿ ತಂದು, ಮಾವನ ಕಾಲ ಮೇಲೆ ತಾನೇ ನೀರು ಹುಯ್ದ.