ಬಿಳಿ ಬಟ್ಟೆಗೆ ಹತ್ತದ ಬಣ್ಣ

ಹೆಂಡತಿಯ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒದ್ದೆ ಮಾಡಿದ ಬಿಳಿ ಬಟ್ಟೆಯ ಚೂರಿನಿಂದ ಎಣಿಸಿ ಹತ್ತು ಸಲ ಉಜ್ಜಿದ. ಬಟ್ಟೆ ಗಿರಣಿಯಲ್ಲಿ ಅವನು ಬಣ್ಣದ ಮೇಸ್ತ್ರಿ. ಬಣ್ಣದ ತೊಟ್ಟಿಯಿಂದ ಬಂದ ಪ್ರತಿ ಬಟ್ಟೆಯ ಥಾನನ್ನೂ ಪರೀಕ್ಷಿಸುವುದು ಹೀಗೆಯೇ. ಬಿಳಿ ಬಟ್ಟೆಗೆ ಹತ್ತಿದರೆ ಕಚ್ಚಾ ಬಣ್ಣ, ಹತ್ತದಿದ್ದರೆ ಪಕ್ಕಾ.

ಆರು ತಿಂಗಳಿಂದ ಅವಳ ಅಂಗೈಯ ಗೆರೆಗಳು ಶಾಯಿಯಲ್ಲಿ ಬರೆದಂತೆ ಕಪ್ಪಾಗುತ್ತಿದ್ದವು. ಬೆರಳ ಗೆಣ್ಣುಗಳೂ ಅಷ್ಟೇ. ಗಂಡನ ಅಂಗಿ ಒಗೆದೂ ಒಗೆದೂ ಹೀಗಾಗಿದೆ ಎಂದು ನೆಂಟರೆಲ್ಲ ತೀರ್ಪು ಕೊಟ್ಟಾಗಿತ್ತು. ಅವನೂ ತಲೆಬಾಗಿ ಒಪ್ಪಿಕೊಂಡು, ಮೂರು ವಾರದಿಂದ ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದ; ದಿನಾ ಗಿರಣಿಯಿಂದ ಬಂದೊಡನೆ ಕೈ ತೋರಿಸು ಎನ್ನುತ್ತಿದ್ದ. ಕೈ ಮಾತ್ರ ಎಳ್ಳಷ್ಟೂ ತಿಳಿಯಾಗಿರಲಿಲ್ಲ.

ಬಟ್ಟೆಯ ಚೂರು ಬಿಳಿಯಾಗಿಯೇ ಉಳಿಯಿತು.

"ಪಕ್ಕಾ ಬಣ್ಣ ಕಣೇ," ಎಂದ. "ಗಿರಣಿಯಲ್ಲಿ ಬಣ್ಣ ಇಷ್ಟು ಗಟ್ಟಿಯಾಗಿ ಕೂತಿದ್ರೆ ನಂಗೆ ಯಾವತ್ತೋ ಬಡ್ತಿ ಸಿಗ್ತಿತ್ತು."

"ಹಾಗಾದ್ರೆ ಸ್ಯಾಂಪಲ್ಲು ಅಂತ ನನ್ನನ್ನೇ ಮ್ಯಾನೇಜರ್ ಮುಂದೆ ನಿಲ್ಲಿಸಿ," ಎಂದು ಅವಳು ಬಾಯ್ತುಂಬ ನಕ್ಕಳು.

ಅವನ ನಗು ಅರ್ಧಕ್ಕೇ ನಿಂತಿತು. ಅವಳ ಮೇಲಿನ ಒಸಡಿನಲ್ಲಿ ಹಿಂದೆಂದೂ ಕಾಣದ ನೀಲಿಗಪ್ಪು ಮಚ್ಚೆಗಳಿದ್ದವು. ಗಲ್ಲ ಹಿಡಿದು ತುಟಿ ಸರಿಸಿ ನೋಡಿದ. ಕೆನ್ನೆಯ ಒಳಗೂ ಇದ್ದವು. ಹದಿನೆಂಟು ವರ್ಷ ತೊಟ್ಟಿಗಳ ಜೊತೆ ಹೆಣಗಿದವನಿಗೆ ಬಣ್ಣ ಎಲ್ಲೆಲ್ಲಿ ನುಸುಳುತ್ತದೆಂದು ಗೊತ್ತು. ಉಗುರಿನ ಸಂದಿಗೆ, ಕಿವಿಯ ಮಡಿಕೆಗೆ, ಸೀನಿದರೆ ಕರವಸ್ತ್ರಕ್ಕೂ. ಆದರೆ ಅಂಗಿ ಒಗೆದವರ ಒಸಡಿಗೆ ಹೋಗುವುದಿಲ್ಲ.

"ಇದು ನನ್ನ ಬಣ್ಣ ಅಲ್ಲ," ಎಂದ ಮೆಲ್ಲಗೆ. "ಏಳು, ಆಸ್ಪತ್ರೆಗೆ ಹೋಗೋಣ."

ಡಾಕ್ಟರಮ್ಮ ಅವಳ ಅಂಗೈಯನ್ನು ಒಂದು ಗಳಿಗೆ ನೋಡಿ ಬಿಟ್ಟುಬಿಟ್ಟರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ಅಳೆದರು. ಆಮೇಲೆ ಒಂದೊಂದೇ ಪ್ರಶ್ನೆ ಕೇಳುತ್ತ ಹೋದರು. ಎದ್ದರೆ ತಲೆ ಸುತ್ತುತ್ತಾ ಎಂದರೆ, ಬಚ್ಚಲಲ್ಲಿ ಎರಡು ಸಲ ಬಿದ್ದಿದ್ದೇನೆ ಎಂದಳು. ತೂಕ ಇಳಿದಿದೆಯಾ ಎಂದರೆ, ರವಿಕೆಗಳಿಗೆಲ್ಲ ಮತ್ತೊಂದು ಹೊಲಿಗೆ ಹಾಕಿಕೊಂಡಿದ್ದಳು. ಯಾರೂ ಇಲ್ಲದಾಗ ಡಬ್ಬಿಯಿಂದ ಉಪ್ಪು ತೆಗೆದು ನೆಕ್ಕುತ್ತಿದ್ದಳಂತೆ. ಪಕ್ಕದಲ್ಲೇ ಕುಳಿತಿದ್ದ ಗಂಡ ಯಾರೋ ಬೇರೆಯವರ ಮನೆಯ ಸುದ್ದಿ ಎಂಬಂತೆ ಇದನ್ನೆಲ್ಲ ಕೇಳಿಸಿಕೊಂಡ.

ಮೂತ್ರಪಿಂಡಗಳ ಮೇಲೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ಸೋತಿರಬೇಕು, ಅವನ್ನು ಎಬ್ಬಿಸಲು ಮೆದುಳಿನ ಬುಡದಿಂದ ಒಂದೇ ಸಮನೆ ಹರಿದುಬರುವ ರಸವೇ ಚರ್ಮವನ್ನು ಹೀಗೆ ಕಪ್ಪಾಗಿಸುತ್ತದೆ ಎಂದರು ಡಾಕ್ಟರಮ್ಮ. ರಕ್ತಪರೀಕ್ಷೆ ಆಗಬೇಕು. ಅದೇ ಎಂದಾದರೆ ಬದುಕಿರುವವರೆಗೂ ಮಾತ್ರೆ ತಪ್ಪಿಸುವಂತಿಲ್ಲ.

"ಕೈ ಕಪ್ಪಾಗಿದ್ದೇ ಒಳ್ಳೇದಾಯ್ತು," ಎಂದರು. "ಈ ಸ್ಥಿತೀಲಿ ಒಂದು ಜೋರು ಜ್ವರ ಬಂದಿದ್ರೂ ಇವರನ್ನ ಉಳಿಸಿಕೊಳ್ಳೋದು ಕಷ್ಟ ಆಗ್ತಿತ್ತು."

ರಕ್ತ ಕೊಟ್ಟು ಬಂದವಳು ಮೊಣಕೈಗೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಅವನ ಪಕ್ಕ ಕುಳಿತಳು. ಅವನಿಗೆ ಸಿಟ್ಟು ಬಂದಿತ್ತೋ ಅಳು ಬಂದಿತ್ತೋ ಅವನಿಗೇ ತಿಳಿಯಲಿಲ್ಲ. ಅವಳತ್ತ ತಿರುಗಿ ಕೇಳಿದ:

"ಇಷ್ಟೆಲ್ಲ ಆಗ್ತಿದ್ರೂ ನಂಗ್ಯಾಕೆ ಹೇಳಲಿಲ್ಲ?"

ಅವಳು ಹತ್ತಿ ತೆಗೆದು ನೋಡಿ, ಮತ್ತೆ ಒತ್ತಿಕೊಂಡಳು.

"ದಿನಾ ಬಂದು ಕೈ ತೋರಿಸು ಅಂತಷ್ಟೇ ಕೇಳ್ತಿದ್ರಿ," ಎಂದಳು. "ತೋರಿಸ್ತಿದ್ದೆ."