ಕಾಕಾನ ಗಾಲ್ಫ್ ಕೋಲು

ಸಂಶಿಯ ಅಂಗಡಿಗಳಲ್ಲಿ ಹೊಸ ಚಪ್ಪಲಿಯ ತೊಗಲಿನ ವಾಸನೆ ಬಂದರೆ ನನಗೆ ಇಂದಿಗೂ ಯರಗುಪ್ಪಿಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಕಾಕಾ ಪುಣೆ ಕಡೆಯ ಗಾಲ್ಫ್ ಮೈದಾನವೊಂದರಲ್ಲಿ ಆಟಗಾರರ ಚೀಲ ಹೊರುತ್ತಿದ್ದ. ಕೆಲಸ ಬಿಟ್ಟು ಊರಿಗೆ ಬಂದಾಗ ಅವನ ಕೈಯಲ್ಲಿದ್ದದ್ದು ಹಿಡಿಗೆ ತೊಗಲು ಸುತ್ತಿದ ಒಂದು ಗಾಲ್ಫ್ ಕೋಲು ಮಾತ್ರ. ಅದನ್ನು ಕದ್ದು ಸಿಕ್ಕಿಬಿದ್ದನೆಂದು ಊರೆಲ್ಲ ಹೇಳಿತು. ಹೇಳಿದವರಲ್ಲಿ ಒಬ್ಬರೂ ಆ ಮೈದಾನವನ್ನು ಕಂಡವರಲ್ಲ. ಮುಂದೆ ನಾನು ಒಬ್ಬೊಬ್ಬರನ್ನೇ ವಿಚಾರಿಸಿದ್ದೇನೆ. ಎಲ್ಲರೂ ಇನ್ನೊಬ್ಬರಿಂದ ಕೇಳಿದವರೇ.

ಹಿತ್ತಲಿನ ಎರೆಮಣ್ಣು ಬಿಸಿಲಿಗೆ ಬಿರಿದಿತ್ತು. ನಾನು ಕೋಲನ್ನು ಕೊಡಲಿಯಂತೆ, ಎರಡು ಕೈಗಳನ್ನೂ ದೂರ ದೂರ ಇಟ್ಟು ಹಿಡಿದೆ. ಕಾಕಾ ನಕ್ಕ.

"ಕಟಗಿ ಒಡೀಲಿಕ್ಕೆ ಹೊಂಟೀಯೇನ ಬೇ? ಎರಡೂ ಕೈ ಕೂಡಸು. ಎಮ್ಮಿ ಹಿಂಡೂ ಮುಂದ ಹೆಂಗ ಹಿಡೀತಿ? ಬಿಗಿ ಹಿಡದ್ರ ಒದೀತೈತಿ, ಸಡ್ಲ ಬಿಟ್ರ ಹಾಲ ಬರೂದಿಲ್ಲ. ಹಂಗ ಹಿಡಿ."

ಹಿಂದೆ ನಿಂತು, ನನ್ನ ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳ ಮೇಲೆ ಕೂರಿಸಿದ. ಅವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಕೊನೆಗೂ ಹಿಡಿತ ಸರಿಯಾಯಿತು.

"ಅಗದಿ ಬರೋಬ್ಬರಿ!" ಎಂದ.

ಆ ಸಲುಗೆಯಲ್ಲೇ ನಾನು ಕೇಳಿಬಿಟ್ಟೆ: "ಕಾಕಾ, ಇದನ್ನ ನೀ ಕದ್ದೀಯಂತ, ಖರೇನ?"

ನನ್ನ ಕೈಗಳ ಮೇಲಿದ್ದ ಅವನ ಕೈಗಳು ಮೆಲ್ಲಗೆ ಸರಿದವು. 

"ಇಡೀ ಊರಾಗ ಇಲ್ಲೀತನಕ ನೀ ಒಬ್ಬಾಕಿ ಇದನ್ನ ಕೇಳಿದ್ದಿಲ್ಲ ನೋಡು."